ಜಗಲಿಗಿಂತ ಎತ್ತರದ ಗಾಡಿ

ನಮ್ಮ ಮನೆಯವರು ಪಿಕಪ್ ಗಾಡಿ ಓಡಿಸುತ್ತಿದ್ದಷ್ಟು ಕಾಲ ಆ ಗಾಡಿಯ ಅಡಿಯಲ್ಲಿ ಏನೇನಿದೆ ಎಂದು ನಾನು ಬಗ್ಗಿ ನೋಡಿದವಳಲ್ಲ. ಸಂಜೆ ಬಂದು ಅಂಗಳದಲ್ಲಿ ನಿಂತಾಗ ಅದರ ಬಾನೆಟ್ಟು ಬಿಸಿಯಾಗಿರುತ್ತದೆ, ಬೆಳಿಗ್ಗೆ ಹೊರಡುವಾಗ ಚಕ್ರದ ಮಗ್ಗುಲಿಂದ ಕೋಳಿಗಳನ್ನು ಅಟ್ಟಬೇಕು, ಇಷ್ಟೇ ನನಗೆ ಗೊತ್ತಿದ್ದದ್ದು. ಓಡಿಸುವುದನ್ನು ಮಾತ್ರ ಅವರು ಕಲಿಸಿದ್ದರು. ಮದುವೆಯಾದ ಹೊಸದರಲ್ಲಿ, ಬೇಸಿಗೆಗೆ ಹಿನ್ನೀರು ಇಳಿದು ಬಯಲಾದ ಜಾಗಕ್ಕೆ ಕರೆದುಕೊಂಡು ಹೋಗಿ, ಸ್ಟೇರಿಂಗ್ ನನ್ನ ಕೈಗೆ ಕೊಟ್ಟು, ತಾವು ಪಕ್ಕದಲ್ಲಿ ಕಡಲೆಕಾಯಿ ಸುಲಿದು ತಿನ್ನುತ್ತಾ ಕೂರುತ್ತಿದ್ದರು. "ಓಡ್ಸು ಓಡ್ಸು, ಗುದ್ದಕ್ಕೆ ಇಲ್ಲೇನು ಮರ ಅದಾ, ಗಿಡ ಅದಾ" ಎಂದು ನಗುತ್ತಿದ್ದರು. ಲೈಸೆನ್ಸನ್ನೂ ಅವರೇ ಮಾಡಿಸಿದರು. ಅದು ಒಂದು ದಿನ ಉಪಯೋಗಕ್ಕೆ ಬರುತ್ತದೆಂದು ಇಬ್ಬರಿಗೂ ಅನ್ನಿಸಿರಲಿಲ್ಲ.

ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, ಕಬಿನಿ ಹಿನ್ನೀರಿಗೆ ಹತ್ತಿರದ ಊರು ನಮ್ಮದು. ಮನೆಯಲ್ಲಿ ಅವರು, ನಾನು, ಅತ್ತೆ. ಮಕ್ಕಳಾಗಲಿಲ್ಲ. ಇದ್ದ ತುಂಡು ಹೊಲದಲ್ಲಿ ರಾಗಿ ಹಾಕಿಕೊಂಡು, ಉಳಿದ ದಿನವೆಲ್ಲ ಅವರು ಬಾಡಿಗೆ ಹೊಡೆಯುತ್ತಿದ್ದರು. ಶುಂಠಿ, ಬಾಳೆಗೊನೆ, ಗೊಬ್ಬರ, ಹೊಗೆಸೊಪ್ಪಿನ ಕಾಲದಲ್ಲಿ ಬೇಲುಗಳು.

ಬೇಲು ಹೊತ್ತು ಪಿರಿಯಾಪಟ್ಟಣಕ್ಕೆ ಹೋಗಿದ್ದಾಗಲೇ ಅವರಿಗೆ ಲಕ್ವ ಹೊಡೆದದ್ದು. ಹರಾಜಿಗೆ ಬಂದ ಗಾಡಿಗಳ ಸಾಲಿನಲ್ಲಿ ಬೆಳಗಿನ ಹೊತ್ತು ನಿಂತಿದ್ದರಂತೆ. ಮುಂದಿನ ಗಾಡಿ ಸರಿದರೂ ಇವರು ಸರಿಯಲಿಲ್ಲ. ಹಿಂದಿನ ಗಾಡಿಯವನು ಇಳಿದು ಬಂದು ನೋಡಿದರೆ, ತಲೆ ಬಾಗಿಲಿಗೆ ಒರಗಿದೆ, ಬಾಯಿಂದ ಜೊಲ್ಲು ಸುರಿಯುತ್ತಿದೆ. ಏನು ಕೇಳಿದರೂ ಮಾತು ತೊದಲುತ್ತಿದೆ. ಒತ್ತಾರೆಯೇ ಕುಡಿದಿದ್ದಾನೆ ಎಂದುಕೊಂಡು ನಾಲ್ಕು ಜನ ಸೇರಿ ಗಾಡಿಯನ್ನು ನೆರಳಿಗೆ ತಳ್ಳಿ, ನಿದ್ದೆ ಮಾಡಲಿ ಎಂದು ಬಿಟ್ಟರು. ಕೆಟ್ಟವರಲ್ಲ ಅವರು. ಅಮಲು ಇಳಿದ ಮೇಲೆ ಕುಡಿಯಲಿ ಎಂದು ಒಬ್ಬ ನೀರಿನ ಬಾಟಲಿಯನ್ನೂ ಪಕ್ಕದಲ್ಲಿಟ್ಟಿದ್ದ. ಬಿಸಿಲು ನೆತ್ತಿಗೆ ಬಂದ ಮೇಲೆ ಬೇಲಿನ ಮಾಲೀಕರು ಹುಡುಕಿಕೊಂಡು ಬಂದರು. ನಮ್ಮ ಮನೆಯವರು ಹನಿ ಹೆಂಡ ಮುಟ್ಟುವವರಲ್ಲ ಎಂದು ಅವರಿಗೆ ಗೊತ್ತಿತ್ತು. ಅವರೇ ಮೈಸೂರಿಗೆ ಸಾಗಿಸಿದರು. ಅಷ್ಟರಲ್ಲಿ ಆಗಬಾರದ್ದೆಲ್ಲ ಆಗಿತ್ತು.

ಬಲಗೈ, ಬಲಗಾಲು ಹೋದವು. ಮಾತೂ ಹೋಯಿತು. ಒಂದೇ ಒಂದು ಮಾತು ಉಳಿಯಿತು: "ಬುಡು." ನೀರು ಬೇಕೆಂದರೂ ಬುಡು, ಸೊಳ್ಳೆ ಕಚ್ಚುತ್ತಿದೆ ಎಂದರೂ ಬುಡು, ಸಿಟ್ಟು ಬಂದರೂ ಬುಡು. ತಲೆ ಮಾತ್ರ ಚೆನ್ನಾಗಿತ್ತು. ನಾವು ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು. ಅವರು ಹೇಳಿದ್ದು ನಮಗೆ ಅರ್ಥವಾಗಬೇಕಿತ್ತು, ಅಷ್ಟೆ. ದನಿ ಕೇಳಿ, ಮುಖ ನೋಡಿ, ನಾನೂ ಅತ್ತೆಯೂ ಊಹಿಸಿ ಊಹಿಸಿ ಕಲಿತೆವು. ತಪ್ಪು ಊಹಿಸಿದರೆ ಅವರು ಕಣ್ಣು ಮುಚ್ಚಿಕೊಂಡುಬಿಡುತ್ತಿದ್ದರು.

ಹುಣಸೂರಿನಲ್ಲಿ ಕೈಕಾಲಿಗೆ ವ್ಯಾಯಾಮ ಮಾಡಿಸುವ ಒಂದು ಚಿಕಿತ್ಸಾಲಯವಿತ್ತು. ವಾರಕ್ಕೆ ಎರಡು ಸಲ ಬರಬೇಕು ಎಂದರು. ಕರೆದುಕೊಂಡು ಹೋಗುವುದು ಹೇಗೆ? ಆಟೋದಲ್ಲಿ ಪ್ರಯತ್ನಪಟ್ಟೆವು. ಮರದ ತುಂಡಿನಂತೆ ಸೆಟೆದುಕೊಂಡ ಬಲಗಾಲು ಮಡಚಲು ಬರದೆ ಅರ್ಧ ದಾರಿಯಲ್ಲೇ ಸೀಟಿನಿಂದ ಜಾರಿದರು. ಪಿಕಪ್ಪಿನ ಮುಂದಿನ ಸೀಟಿಗೆ ಹತ್ತಿಸೋಣವೆಂದರೆ ಎಡಬಾಗಿಲಲ್ಲಿ ಬಲಗಾಲನ್ನೇ ಮೊದಲು ಎತ್ತಿಡಬೇಕು. ಕೊನೆಗೆ ದಾರಿ ತೋರಿಸಿದವರು ಅವರೇ. ಒಂದು ದಿನ ಎಡಗೈಯಲ್ಲಿದ್ದ ಊರುಗೋಲಿನಿಂದ ಜಗಲಿಯನ್ನು ತಟ್ಟಿದರು, ಆಮೇಲೆ ಅಂಗಳದಲ್ಲಿ ನಿಂತ ಗಾಡಿಯತ್ತ ತೋರಿಸಿದರು. ಬುಡು, ಬುಡು ಎಂದರು. ಗಾಡಿಯನ್ನು ಹಿಂದಕ್ಕೆ ತಂದು ಜಗಲಿಗೆ ತಾಗಿಸಿ ನಿಲ್ಲಿಸಿದೆ. ಹಿಂಬಾಗಿಲು ತೆಗೆದರೆ ಗಾಡಿಯ ತಳ, ನಮ್ಮ ಜಗಲಿ, ಎರಡೂ ಒಂದೇ ಸಮ! ನಡುವೆ ಒಂದು ಹಲಗೆ ಹಾಸಿ ಗಾಲಿಕುರ್ಚಿಯನ್ನು ತಳ್ಳಿದೆ. ಒಲೆಯ ಮುಂದಿನಿಂದ ದೇವರ ಮನೆಗೆ ಹೋದಷ್ಟು ಸಲೀಸಾಗಿ ಅವರು ಗಾಡಿಯೊಳಗಿದ್ದರು.

ಕುರ್ಚಿಯನ್ನು ಹಗ್ಗದಿಂದ ಕಟ್ಟಿ, ಮಗ್ಗುಲಲ್ಲಿ ಅತ್ತೆಯನ್ನು ಕೂರಿಸಿ, ನಿಧಾನವಾಗಿ ಓಡಿಸಿಕೊಂಡು ಹೋಗುತ್ತಿದ್ದೆ. ಹುಣಸೂರಿನಲ್ಲಿ ಚಿಕಿತ್ಸಾಲಯದ ಪಕ್ಕದ ಗೊಬ್ಬರದಂಗಡಿಗೆ ಮಾಲು ಇಳಿಸುವ ಕಟ್ಟೆಯಿತ್ತು, ಅಲ್ಲಿ ಇಳಿಸಿಕೊಳ್ಳುತ್ತಿದ್ದೆವು. ವ್ಯಾಯಾಮದಿಂದ ಅಷ್ಟೇನೂ ಗುಣ ಕಾಣಲಿಲ್ಲ. ಕಂಬಿ ಹಿಡಿದು ನಿಲ್ಲುವುದು ಬಂತು. ಆದರೆ ಆ ಎರಡು ದಿನ ಅವರ ಮುಖವೇ ಬೇರೆ. ಹೊರಡುವ ದಿನ ಬೆಳಿಗ್ಗೆ ತಾವೇ ಕೆನ್ನೆ ಉಜ್ಜಿಕೊಂಡು ಗಡ್ಡ ಬೋಳಿಸು ಎಂದು ತೋರಿಸುವರು. ದಾರಿಯಲ್ಲಿ ಎದುರಾದ ಗಾಡಿಯವರು ಹಾರನ್ ಮಾಡಿದರೆ ಎಡಗೈ ಎತ್ತುವರು. ಹುಣಸೂರಿನ ಟೀ ಅಂಗಡಿಯಲ್ಲಿ ಎಡಗೈಯಿಂದ ಟೀ ಕುಡಿದು, ಅರ್ಧ ಚೆಲ್ಲಿಕೊಂಡು, ಲೋಟವನ್ನು ಟಕ್ ಎಂದು ಇಡುವರು. ಅತ್ತೆ ಸೆರಗಿನಿಂದ ಒರೆಸಲು ಹೋದರೆ ತಳ್ಳುವರು.

ಉಳಿದ ದಿನ ನಾನು ಬಾಡಿಗೆಗೆ ಹೋಗುತ್ತಿದ್ದೆ. ಹೆಂಗಸು ಪಿಕಪ್ ಓಡಿಸುವುದನ್ನು ಮೊದಮೊದಲು ಜನ ನಿಂತು ನೋಡಿದರು, ಆಮೇಲೆ ಸಾಮಾನು ಹೇರಿದರು. ಹಿನ್ನೀರಿನ ಪಕ್ಕ ಶುಂಠಿ ಹಾಕಿದ್ದವರ ಕೆಲಸವೇ ಹೆಚ್ಚು. ಅಲ್ಲಿಗೆ ರಸ್ತೆಯೆಂಬುದಿಲ್ಲ, ಟ್ರ್ಯಾಕ್ಟರು ಓಡಾಡಿ ಮಾಡಿದ ಹಳ್ಳವೇ ರಸ್ತೆ. ಹೇರಿದವರು ಹೇರುತ್ತಲೇ ಹೋದರು. ಗಾಡಿಯ ಹಿಂಬದಿ ದಿನದಿನಕ್ಕೆ ಕುಳಿತುಕೊಳ್ಳುತ್ತಾ ಬಂತು. ಖಾಲಿಯಿದ್ದಾಗ ಪರವಾಗಿಲ್ಲ. ಲೋಡಾದರೆ ಟೈರು ಮೇಲಿನ ತಗಡಿಗೆ ಉಜ್ಜಿ ರಬ್ಬರ್ ಸುಟ್ಟ ವಾಸನೆ. ಏರು ಹತ್ತುವಾಗ ಹಿಂದಿನ ಬಂಪರ್ ನೆಲ ಕೆರೆಯುತ್ತಿತ್ತು. ಒಂದು ಮಧ್ಯಾಹ್ನ ಟೈರು ಸಿಡಿದು ಶುಂಠಿಯ ಮೂಟೆಗಳ ಸಮೇತ ಗಾಡಿ ಹಳ್ಳದ ಕಡೆ ವಾಲಿತು. ಪಲ್ಟಿಯಾಗಲಿಲ್ಲ. ಆದರೆ ಆ ಸಂಜೆ ಅಂಗಳಕ್ಕೆ ಬಂದು ನಿಂತ ಮೇಲೂ ನಾನು ಬಹಳ ಹೊತ್ತು ಸೀಟಿನಿಂದ ಇಳಿಯಲಿಲ್ಲ.

ನನ್ನ ತವರು ಕೆ.ಆರ್. ನಗರ ತಾಲ್ಲೂಕಿನ ಭೇರ್ಯದ ಹತ್ತಿರ. ಅಲ್ಲಿ ನಮ್ಮಣ್ಣ ಟ್ರ್ಯಾಕ್ಟರ್, ಟ್ರೇಲರ್ ರಿಪೇರಿ ಮಾಡುತ್ತಾನೆ. ಫೋನ್ ಮಾಡಿದೆ.

"ಪ್ಲೇಟು ಸುಸ್ತಾಗೋಗವೆ ಕಣವ್ವ" ಎಂದ. ಹಿಂದಿನ ಅಚ್ಚಿನ ಮೇಲೆ ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟು ಇರುತ್ತದಲ್ಲ, ಭಾರ ಹೊರುವುದು ಅದೇ. ಅದಕ್ಕೆ ಪ್ಲೇಟು ಎನ್ನುತ್ತಾರೆ. "ಒಂದೊಂದು ಒಸಾ ಪ್ಲೇಟು ಸೇರ್ಸಿ, ಅಚ್ಚಿಗೂ ಪ್ಲೇಟಿಗೂ ಮಧ್ಯ ಬ್ಲಾಕ್ ಕೊಟ್ಟು, ಉದ್ದುಕಿರೋ ಯು ಬೋಲ್ಟ್ ಆಕುದ್ರೆ ಎದ್ದು ನಿಂತ್ಕತದೆ. ಗಾಡಿ ಎಲ್ಲೂ ಕಳುಸ್ಬ್ಯಾಡ, ನಾನೇ ಬತ್ತೀನಿ."

ಒಂದು ಭಾನುವಾರ ಬೆಳಿಗ್ಗೆ ಬಂದ. ಚೀಲದಲ್ಲಿ ಎರಡು ಕಬ್ಬಿಣದ ಗಟ್ಟಿಗಳು, ಒಂದೊಂದೂ ನಾಲ್ಕು ಬೆರಳು ದಪ್ಪ. ಅವೇ ಬ್ಲಾಕುಗಳು. ಜೊತೆಗೆ ಎರಡು ಹೊಸ ಪ್ಲೇಟು, ಕಟ್ಟನ್ನು ಅಚ್ಚಿಗೆ ಬಿಗಿಯುವ ಹೊಸ ಯು ಬೋಲ್ಟುಗಳು, ಎರಡು ಜಾಕಿ, ಸಾಮಾನಿನ ಡಬ್ಬ. ನಾನು ಅವರನ್ನು ಜಗಲಿಯ ಅಂಚಿಗೆ ತಂದು ಕೂರಿಸಿದೆ. ಕೆಲಸ ಕಾಣಲಿ, ಹೊತ್ತು ಹೋಗಲಿ ಎಂದು.

ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂಬದಿಯನ್ನು ಜಾಕಿಯಲ್ಲಿ ಎತ್ತಿ, ಚಾಸಿ ಎನ್ನುವ ಗಾಡಿಯ ಚೌಕಟ್ಟಿನ ಕೆಳಗೆ ದಿಮ್ಮಿ ಸೇರಿಸಿ, ಅಣ್ಣ ಚಕ್ರಗಳನ್ನು ಕಳಚಿದ. ಹಳೆಯ ಯು ಬೋಲ್ಟಿನ ನಟ್ಟುಗಳು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಡೀಸೆಲ್ ಬಿಟ್ಟು, ಸುತ್ತಿಗೆಯಿಂದ ಬಡಿದು, ಸ್ಪ್ಯಾನರಿಗೆ ಉದ್ದದ ಪೈಪು ಸಿಕ್ಕಿಸಿ ಎಳೆದ. ನಾನೂ ಎಳೆದೆ. ಒಂದೊಂದು ನಟ್ಟು ಬಿಟ್ಟುಕೊಂಡಾಗಲೂ ಕಿರ್ ಎಂದು ಪ್ರಾಣಿ ಕಿರುಚಿದಂಥ ಸದ್ದು. ಜಗಲಿಯ ಮೇಲೆ ಅವರು ಮುಂದಕ್ಕೆ ಬಾಗಿ ಕೂತಿದ್ದರು. ಪ್ಲೇಟಿನ ಕಟ್ಟು ಬಿಚ್ಚಿ ಹೊಸ ಪಟ್ಟಿ ಸೇರಿಸುವುದಕ್ಕೇ ಮಧ್ಯಾಹ್ನವಾಯಿತು. ಊಟ ಕೊಟ್ಟರೆ ಅವರು ತಟ್ಟೆ ನೋಡದೆ, ಗಾಡಿ ನೋಡುತ್ತಲೇ ಉಂಡರು.

ಬ್ಲಾಕ್ ಕೂರಿಸಬೇಕಾದರೆ ಅಚ್ಚನ್ನು ಕೆಳಕ್ಕೆ ಇಳಿಸಬೇಕು. ಅಣ್ಣ ಅಚ್ಚಿನ ಕೆಳಗಿದ್ದ ಜಾಕಿಯನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸುತ್ತಾ ಹೋದ. ಅವನ ಕಣ್ಣು ಪ್ಲೇಟಿನ ಮೇಲಿತ್ತು. ಇದ್ದಕ್ಕಿದ್ದಂತೆ ಜಗಲಿಯ ಮೇಲಿಂದ ಊರುಗೋಲು ಬಡಿಯುವ ಸದ್ದು.

"ಬುಡು! ಬುಡು!"

"ಬುಡ್ತಾ ಇವ್ನಿ ಬಾವ, ನಿಧಾನುಕ್ಕೆ ಬುಡ್ತಾ ಇವ್ನಿ" ಎಂದು ಅಣ್ಣ ಇನ್ನಷ್ಟು ಸಡಿಲಿಸಿದ.

"ಬುಡು! ಬುಡು! ಬುಡು!" ಊರುಗೋಲು ಕಲ್ಲಿನ ಮೇಲೆ ಬಡಿಯುತ್ತಲೇ ಇತ್ತು. ನಾನು ತಿರುಗಿ ನೋಡಿದೆ. ಕುತ್ತಿಗೆಯ ನರ ಉಬ್ಬಿ, ಮುಖ ಕೆಂಪಾಗಿತ್ತು. ಆ ಮುಖ ನನಗೆ ಗೊತ್ತು.

"ನಿಲ್ಸಣ್ಣ! ಅವ್ರು ಬ್ಯಾಡ ಅಂತಾವ್ರೆ, ನಿಲ್ಸು!"

ಅಣ್ಣ ಕೈ ತೆಗೆದ. ಅವರು ಊರುಗೋಲನ್ನು ಗಾಡಿಯ ನಡುಮಧ್ಯಕ್ಕೆ ಗುರಿಯಿಟ್ಟು ತೋರಿಸಿದರು. ಅಣ್ಣ ಮಲಗಿಕೊಂಡು ಒಳಗೆ ನೋಡಿದ. "ಅಯ್ಯಯ್ಯಪ್ಪಾ, ಬ್ರೇಕ್ ಪೈಪು! ತಂತಿ ಆದಂಗಾಗದೆ. ಇನ್ನೊಂದು ಚೂರು ಇಳ್ಸಿದ್ರೆ ಕಿತ್ಕಂಡು ಓಗದು" ಎಂದ. ಆಚೆ ಬಂದು ಕೈಮುಗಿದು, "ಅಲ್ಲಿಂದ ಎಂಗೆ ಕಾಣ್ತು ಬಾವ ನಿಮ್ಗೆ?" ಎಂದು ಕೇಳಿದ. ಅವರು ನಕ್ಕರು. ಬಾಯಿಯ ಒಂದೇ ಮಗ್ಗುಲು ನಗುತ್ತಿತ್ತು, ಆದರೂ ಪೂರಾ ನಗು.

ಆಮೇಲೆ ಅವರನ್ನು ಜಗಲಿಯ ಮೇಲೆ ಹಿಡಿದಿಡುವುದು ಆಗಲಿಲ್ಲ. ಇಳಿಸು ಎಂದು ಹಟ. ಅಣ್ಣನೂ ನಾನೂ ಕುರ್ಚಿಯನ್ನು ಹೊತ್ತು ಅಂಗಳಕ್ಕೆ ತಂದು ಚಕ್ರದ ಪಕ್ಕದಲ್ಲೇ ಇಟ್ಟೆವು. ಬ್ರೇಕ್ ಪೈಪಿನ ಬ್ರಾಕೆಟ್ಟನ್ನು ಸರಿಸಿ ಕಟ್ಟುವಾಗ ಅವರು ತಲೆ ಆಡಿಸುತ್ತಿದ್ದರು. ಬ್ಲಾಕಿನ ಮೊಳೆ ಅಚ್ಚಿನ ತೂತಿಗೆ, ಪ್ಲೇಟಿನ ಮಧ್ಯದ ಬೋಲ್ಟು ಬ್ಲಾಕಿನ ತೂತಿಗೆ ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ಎಡಗೈ ತೋರುಬೆರಳಿನಿಂದ ಮುಟ್ಟಿ ನೋಡಿದರು. ಯು ಬೋಲ್ಟ್ ತೂರಿಸಿ ಅಣ್ಣ ಒಂದೇ ಕಡೆಯ ನಟ್ಟು ಬಿಗಿಯುತ್ತಾ ಹೋದಾಗ ಅವನ ಮೊಣಕೈಗೆ ಊರುಗೋಲಿನಿಂದ ತಟ್ಟಿ ಎದುರು ಮೂಲೆ ತೋರಿಸಿದರು. "ಗೊತ್ತು ಬಾವ, ಅದ್ನೇ ಮಾಡ್ಬೇಕು ಅನ್ಕಂಡಿದ್ದೆ" ಎಂದು ಅಣ್ಣ ಸುಳ್ಳು ಹೇಳಿದ. ಮೂಲೆಯಿಂದ ಮೂಲೆಗೆ, ಸ್ವಲ್ಪ ಸ್ವಲ್ಪ ಬಿಗಿ. ಕೊನೆಯ ನಟ್ಟಿಗೆ ಸ್ಪ್ಯಾನರನ್ನು ಅವರ ಎಡಗೈಗೇ ಕೊಟ್ಟ. ಅವರು ಹಲ್ಲು ಕಚ್ಚಿ ಎಳೆದರು. ಸ್ಪ್ಯಾನರು ಸ್ವಲ್ಪ ತಿರುಗಿತು. ನಿಜವಾಗಿ ತಿರುಗಿತು. ಬೆವರು ಹಣೆಯಿಂದ ಕಣ್ಣಿಗಿಳಿದರೂ ಒರೆಸಲು ಬಿಡಲಿಲ್ಲ. ಅತ್ತೆ ಬಾಗಿಲಲ್ಲಿ ನಿಂತು, "ನನ್ನ ಮಗ ಕೆಲ್ಸ ಮಾಡ್ತಾವ್ನೆ" ಎಂದು ಯಾರಿಗೆಂದಿಲ್ಲದೆ ಹೇಳಿದರು.

ಚಕ್ರ ಹಾಕಿ, ದಿಮ್ಮಿ ತೆಗೆದು, ಜಾಕಿ ಇಳಿಸಿದಾಗ ಗಾಡಿ ಹಿಂಬದಿ ಎತ್ತಿಕೊಂಡು ನಿಂತಿತು. ಹೊಸ ಪ್ಲೇಟು, ಬ್ಲಾಕು ಸೇರಿ ಹೆಚ್ಚುಕಡಿಮೆ ಅರ್ಧ ಅಡಿ ಏರಿತ್ತು. "ಎಂಗದೆ ಬಾವ?" ಎಂದು ಅಣ್ಣ ಕೇಳಿದ. ಅವರು ಗಾಡಿಯತ್ತ ಕೈ ಚಾಚಿ, ನನ್ನ ಕಡೆ ನೋಡಿ, ಜಗಲಿ ತೋರಿಸಿದರು. ಹತ್ತಿಸು, ಒಂದು ಸುತ್ತು ಹೋಗೋಣ ಎಂದು. ನನಗೂ ಖುಷಿ. ಅವರನ್ನು ಜಗಲಿಗೆ ಏರಿಸಿ, ಗಾಡಿ ಹಿಂದಕ್ಕೆ ತಂದು, ಎಂದಿನಂತೆ ತಾಗಿಸಿ ನಿಲ್ಲಿಸಿ, ಹಿಂಬಾಗಿಲು ತೆಗೆದೆ.

ಹಲಗೆ ಹಾಸಿದೆ. ಅದರ ಒಂದು ತುದಿ ಜಗಲಿಯ ಮೇಲೆ, ಇನ್ನೊಂದು ತುದಿ ಮೇಲಕ್ಕೆ, ಅಟ್ಟಕ್ಕೆ ಇಟ್ಟ ಏಣಿಯಂತೆ ನಿಂತಿತ್ತು.

ಅಣ್ಣ ಹಲಗೆಯನ್ನು ಅತ್ತ ಇತ್ತ ಸರಿಸಿ ನೋಡಿದ. ಉದ್ದದ ಹಲಗೆ ಹಾಕಿದರೆ ಇಳಿಜಾರು ಕಡಿಮೆಯಾಗುತ್ತದೆ, ಆದರೆ ನಮ್ಮ ಜಗಲಿ ಕಿರಿದು, ಬೆನ್ನಿಗೇ ಗೋಡೆ. ಕುರ್ಚಿ ತಿರುಗಿಸಲೂ ಜಾಗವಿರುವುದಿಲ್ಲ. ಗಾಡಿಯನ್ನು ದೂರ ನಿಲ್ಲಿಸಿ ಹಾಸಿದರೆ ಹಲಗೆ ನಡುವೆ ಬಾಗಿ ಬಳುಕುತ್ತದೆ. ಬೆಳಗಿನಿಂದ ಮೂವರೂ ಆ ಗಾಡಿಯ ಸುತ್ತಲೇ ಇದ್ದೆವು. ಇದು ಒಬ್ಬರಿಗೂ ಹೊಳೆದಿರಲಿಲ್ಲ. ಆ ಗಾಡಿಯನ್ನು ಎಲ್ಲರಿಗಿಂತ ಬಲ್ಲ ಅವರಿಗೂ ಹೊಳೆದಿರಲಿಲ್ಲ. ಅವರು ಹಲಗೆಯನ್ನು ನೋಡಿದರು, ಗ್ರೀಸ್ ಹತ್ತಿದ ತಮ್ಮ ಎಡಗೈಯನ್ನು ನೋಡಿಕೊಂಡರು.

"ಬಿಚ್ಚಾಕ್ತೀನಿ ಬಾವ" ಎಂದ ಅಣ್ಣ. "ನಾನು ಇಲ್ಲೇ ಮನಿಕತೀನಿ. ನಾಳೆ ಒತ್ತಾರೆಗೇ ಬಿಚ್ಚಾಕ್ತೀನಿ."

ಅವರು ಬೇಡವೆಂದು ತಲೆಯಾಡಿಸಿದರು. ಊರುಗೋಲಿನಿಂದ ಮೊದಲು ಟೈರನ್ನು ತೋರಿಸಿದರು, ಆಮೇಲೆ ನನ್ನನ್ನು. ಟೈರು ಸಿಡಿದ ದಿನ ನಾನು ಹೇಗೆ ಮನೆಗೆ ಬಂದಿದ್ದೆ ಎಂಬುದನ್ನು ಅವರು ಜಗಲಿಯ ಮೇಲಿಂದ ನೋಡಿದ್ದರು.

"ಬುಡು" ಎಂದರು, ಮೆಲ್ಲಗೆ. ಆ ಒಂದು ಸಲ ಮಾತ್ರ ನಾವು ಏನನ್ನೂ ಊಹಿಸಬೇಕಾಗಿರಲಿಲ್ಲ.

ನಾನು ಅಷ್ಟಕ್ಕೇ ಬಿಡಲಿಲ್ಲ. ವ್ಯಾಯಾಮದ ದಿನ ಪಕ್ಕದ ಮನೆಯ ಮಾವನನ್ನು ಕರೆದೆ. ಅವರಿಗೂ ವಯಸ್ಸಾಗಿತ್ತು, ಸೊಂಟ ನೋವು, ಆದರೂ ಬಂದರು. ನಾನು ಹಿಂದಿನಿಂದ ತಳ್ಳುವುದು, ಮಾವ ಗಾಡಿಯೊಳಗೆ ನಿಂತು ಎಳೆಯುವುದು. ಮೊದಲ ಸಲ ಹೇಗೋ ಆಯಿತು. ಎರಡನೆಯ ಸಲ ಹಲಗೆಯ ಮೇಲೆ ರಾತ್ರಿಯ ಇಬ್ಬನಿ ಇತ್ತು. ಅರ್ಧ ಏರಿದ ಕುರ್ಚಿಯ ಒಂದು ಗಾಲಿ ಅಂಚಿನಿಂದ ಜಾರಿತು. ಮಾವ ಹಿಡಿ ಬಿಡಲಿಲ್ಲ, ನಾನೂ ಬಿಡಲಿಲ್ಲ, ಆದರೂ ಕುರ್ಚಿ ಮಗುಚಿತು. ಅವರು ಬಲಗಡೆಗೆ ಬಿದ್ದರು. ಸತ್ತ ತೋಳಿನ ಮೇಲೆ ಬಿದ್ದದ್ದರಿಂದ ಕೈ ಊರಲೂ ಆಗಲಿಲ್ಲ. ಮೂಳೆ ಮುರಿಯಲಿಲ್ಲ, ಭುಜ ಕೀಲಿನಿಂದ ತಪ್ಪಿತು. ಅವರು ಅಳುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

"ಸಾಕು ಬುಟ್ಬುಡವ್ವ" ಎಂದರು ಅತ್ತೆ. "ಓಗಿದ್ದಷ್ಟು ಸಾಕು. ಇರೋನು ಇದ್ದಂಗೆ ಇರ್ಲಿ ಬುಡು."

ಬ್ಲಾಕ್ ಬಿಚ್ಚಿಸೋಣವೇ ಎಂದು ನಮ್ಮ ಮನೆಯವರನ್ನು ಎರಡು ಮೂರು ಸಲ ಕೇಳಿದೆ. ಅವರು ಮುಖ ತಿರುಗಿಸಿದರು. ಹುಣಸೂರಿಗೆ ಹೋಗುವುದು ಅಲ್ಲಿಗೆ ನಿಂತಿತು. ನನಗೆ ಬಾಡಿಗೆ ಹೆಚ್ಚಾಯಿತು. ಗಾಡಿ ಈಗ ಎಂಥ ಹಳ್ಳದಲ್ಲೂ ನೆಲ ಕೆರೆಯದೆ ಏರುತ್ತಿತ್ತು, ಜನ ನಮ್ಮ ಗಾಡಿಯನ್ನೇ ಕೇಳಿ ಕರೆಯುತ್ತಿದ್ದರು. ಸಂಜೆ ಬರುವಷ್ಟರಲ್ಲಿ ಅವರು ಜಗಲಿಯಲ್ಲಿ ಇರುತ್ತಿರಲಿಲ್ಲ, ಒಳಗೆ ಮಂಚದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿರುತ್ತಿದ್ದರು. ಗಡ್ಡ ಬೋಳಿಸಲು ಹೋದರೆ ಕತ್ತು ಕೊಂಕಿಸುವರು. ಅನ್ನ ಎರಡು ತುತ್ತಿಗೆ ಸಾಕು. ಬಲಗೈ ಒಳಕ್ಕೆ ಮಡಚಿಕೊಂಡು ಎದೆಗೆ ಅಂಟಿತು. ಬೆನ್ನಲ್ಲಿ ಹುಣ್ಣಾಗದಂತೆ ನಾನೂ ಅತ್ತೆಯೂ ಸರದಿಯಲ್ಲಿ ಮಗ್ಗುಲು ಬದಲಿಸುತ್ತಿದ್ದೆವು. ಬದಲಿಸುವಾಗ ಸಲದಿಂದ ಸಲಕ್ಕೆ ಹಗುರಾಗುತ್ತಿದ್ದುದು ನನ್ನ ಕೈಗೆ ಗೊತ್ತಾಗುತ್ತಿತ್ತು, ಬಾಯಿಂದ ಹೇಳುತ್ತಿರಲಿಲ್ಲ.

ಮುಂದಿನ ಮಳೆಗಾಲದಲ್ಲಿ ಜ್ವರ ಬಂತು, ಕಫ ಕಟ್ಟಿತು. ಒಂದು ಮಧ್ಯಾಹ್ನ ಉಸಿರು ಗೊರಗೊರ ಎನ್ನತೊಡಗಿತು, ತುಟಿ ನೀಲಿಗಟ್ಟಿತು. ಆಂಬುಲೆನ್ಸ್ ಬರುವವರೆಗೆ ಕಾಯುವ ಧೈರ್ಯ ನನಗಾಗಲಿಲ್ಲ. ಗಾಡಿಯನ್ನು ಜಗಲಿಗೆ ತಾಗಿಸಿ, ಮಳೆಗೆ ಟಾರ್ಪಾಲು ಎಳೆದು, ಒಳಗೆ ಹಾಸಿಗೆ ಹಾಸಿದೆ. ಮಾವನ ಮನೆಗೆ ಬೀಗ ಹಾಕಿತ್ತು, ಎಲ್ಲೋ ಹೊಲಕ್ಕೆ ಹೋಗಿದ್ದರು. ಕೂಗಿ ಕರೆಯಲು ಬೀದಿಯಲ್ಲಿ ಒಬ್ಬರೂ ಕಾಣಲಿಲ್ಲ. ನಾನು ಒಳಗೆ ಹೋಗಿ, ಅವರ ಬೆನ್ನಿನ ಕೆಳಗೊಂದು, ಮಂಡಿಯ ಕೆಳಗೊಂದು ಕೈ ಹಾಕಿ ಎತ್ತಿದೆ. ಎದ್ದರು. ಹಾಗೇ ಜಗಲಿಗೆ ತಂದು, ಆ ಅರ್ಧ ಅಡಿಯನ್ನು ಒಂದೇ ಹೆಜ್ಜೆಯಲ್ಲಿ ಹತ್ತಿ ಗಾಡಿಯೊಳಗೆ ಮಲಗಿಸಿದೆ. ಹಲಗೆ ಬೇಕಾಗಲಿಲ್ಲ, ಯಾರೂ ಬೇಕಾಗಲಿಲ್ಲ. ಅವರ ತಲೆ ನನ್ನ ಹೆಗಲ ಮೇಲಿತ್ತು, ಕಣ್ಣು ತೆರೆದಿತ್ತು. ತಮ್ಮ ಭಾರ ಎಷ್ಟೆಂದು ಅವರಿಗೂ ಆಗ ತಿಳಿದಿರಬೇಕು.

ಅತ್ತೆ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಹುಣಸೂರಿನವರೆಗೆ ನಾನು ಕನ್ನಡಿಯಲ್ಲಿ ಟಾರ್ಪಾಲನ್ನು ಮಾತ್ರ ನೋಡಿದೆ. ಆಸ್ಪತ್ರೆಯಲ್ಲಿ ಕೂಡಲೇ ಸೇರಿಸಿಕೊಂಡು ಆಕ್ಸಿಜನ್ ಹಾಕಿದರು, ಎದೆಯೆಲ್ಲ ಕಫ ತುಂಬಿದೆ, ತಡವಾಯಿತು ಎಂದರು. ಅಣ್ಣ ಭೇರ್ಯದಿಂದ ಬಂದು ತಲುಪಿದಾಗ ಜೀವ ಇತ್ತು. ಅವರ ಎಡಗೈ ಹಿಡಿದುಕೊಂಡು, "ಬಾವ, ನಾನು ಕಣ ಬಾವ" ಎಂದ. ಕೈ ಸ್ವಲ್ಪ ಬಿಗಿಯಾಯಿತಂತೆ. ಬೆಳಗಾಗುವ ಹೊತ್ತಿಗೆ ಮುಗಿಯಿತು.

ತಿಥಿ ಮುಗಿಸಿ ಹೊರಡುವ ದಿನ ಅಣ್ಣ ಗಾಡಿಯ ಕೆಳಗೆ ತೂರಿ ಯು ಬೋಲ್ಟಿನ ನಟ್ಟುಗಳನ್ನೆಲ್ಲ ಒಂದು ಸುತ್ತು ಬಿಗಿದ. ಆಚೆ ಬಂದು ಕೈ ಒರೆಸಿಕೊಳ್ಳುತ್ತಾ ನನ್ನ ಮುಖ ನೋಡದೆ ಕೇಳಿದ: "ಏನ್ ಮಾಡನವ್ವ, ಇರ್ಲಾ, ತಗ್ದಾಕ್ಲಾ?"

"ಇರ್ಲಿ ಅಣ್ಣ" ಎಂದೆ. "ನಾಳಿದ್ದು ಗೊಬ್ಬರದ ಬಾಡ್ಗೆ ಅದೆ."

ಗೊಬ್ಬರ ಹೇರಿಕೊಂಡು ಹಿನ್ನೀರಿನ ಕಡೆ ಹೊರಟೆ. ಟೈರು ಸಿಡಿದಿದ್ದ ಅದೇ ಏರು. ಮಳೆಗೆ ಹಳ್ಳ ಇನ್ನೂ ಆಳವಾಗಿತ್ತು. ಗಾಡಿ ಒಮ್ಮೆಯೂ ಎಳೆದಾಡದೆ, ಎಲ್ಲೂ ಉಜ್ಜದೆ, ಪೂರಾ ಭಾರ ಹೊತ್ತು ಮೇಲೇರಿತು. ಏರಿನ ತಲೆಗೆ ಬಂದಾಗ ನನ್ನ ಕಾಲು ತಾನಾಗಿ ಬ್ರೇಕ್ ತುಳಿಯಿತು. ಎಂಜಿನ್ ಆರಿಸಿ ಕೂತೆ. ಎಷ್ಟು ಹೊತ್ತು ಕೂತಿದ್ದೆನೋ ತಿಳಿಯದು. ಶುಂಠಿ ಹೊಲ ನೋಡಿಕೊಳ್ಳುವ ಕೇರಳದವನು ತಲೆಗೆ ಪ್ಲಾಸ್ಟಿಕ್ ಚೀಲ ಹೊದ್ದುಕೊಂಡು ಕೆಳಗಿನಿಂದ ನಡೆದುಬಂದ.

"ಚೇಚಿ, ಅಕ್ಕಾ, ಗಾಡಿ ಕೆಟ್ಟು ಹೋಯಿತಾ?"

"ಇಲ್ಲ, ಗಾಡಿ ಸರಿಯಾಗೇ ಅದೆ" ಎಂದೆ. ಅವನು ಪಕ್ಕಕ್ಕೆ ಸರಿದು ನಿಂತ. ನಾನು ಎಂಜಿನ್ ಹಚ್ಚಿ ಹೊಲದ ಕಡೆಗೆ ಇಳಿಸಿದೆ.